ಗೀಸರ್ ಹಾಕಿದರೆ 16 ಆಂಪಿಯರ್ ಎಂಸಿಬಿ ಬೀಳುತ್ತಿದೆ, 32 ಹಾಕಿಸಲೇ?

ಕುವೆಂಪುನಗರದವಳು:
ಮೈಸೂರಿನಲ್ಲಿ ನಮ್ಮದು 1994ರಲ್ಲಿ ಕಟ್ಟಿಸಿದ ಮನೆ. ಮೊದಲು ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳಿದ್ದವು. ಹತ್ತು ವರ್ಷಗಳ ಹಿಂದೆ ಅಪ್ಪ ಅವನ್ನೆಲ್ಲ ತೆಗೆಸಿ, ಎಂಸಿಬಿಗಳಿರುವ (ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಬಿದ್ದು ಕಡಿಯುವ ಸ್ವಿಚ್ಚುಗಳು) ಡಿಬಿ ಬಾಕ್ಸ್ ಹಾಕಿಸಿದರು. ಗೋಡೆಯೊಳಗಿನ ವೈರ್ ಮಾತ್ರ ಹಳೆಯದೇ.

ಮೂರು ವಾರಗಳಿಂದ ಬೆಳಗಿನ ಹೊತ್ತು ಗೀಸರ್ ಹಾಕಿದ ಹದಿನೈದು ಇಪ್ಪತ್ತು ನಿಮಿಷಕ್ಕೆ ಅದರ ಎಂಸಿಬಿ ಟಪ್ ಎಂದು ಬೀಳುತ್ತಿದೆ. ಗೀಸರ್ 25 ಲೀಟರಿನದು, 2 ಕಿಲೋವ್ಯಾಟ್. ನೀರು ಉಗುರುಬೆಚ್ಚಗಾಗುವಷ್ಟರಲ್ಲಿ ಕರೆಂಟ್ ಹೋಗಿರುತ್ತದೆ. ಅಪ್ಪನಿಗೆ ಎಪ್ಪತ್ತನಾಲ್ಕು ವರ್ಷ, ತಣ್ಣೀರು ಆಗುವುದಿಲ್ಲ. ನಮ್ಮ ಬೀದಿಯ ಎಲೆಕ್ಟ್ರಿಶಿಯನ್ ಬಂದು ನೋಡಿ, "16 ಸಾಲದು ಮೇಡಂ, 32 ಹಾಕಿಬಿಡೋಣ, ಜನ್ಮದಲ್ಲಿ ಬೀಳುವುದಿಲ್ಲ" ಎಂದು ಹೇಳಿ ಹೋಗಿದ್ದಾರೆ. ನಾಳೆ ಬರುತ್ತಾರೆ. ಹಾಕಿಸಲೇ? ಯಾವ ಕಂಪನಿಯದು ಒಳ್ಳೆಯದು?

ಅರೆಜ್ಞಾನಿ:
ಹಾಕಿಸಿ. ನಮ್ಮ ಮನೆಯಲ್ಲಿ ನಾಲ್ಕು ವರ್ಷಗಳಿಂದ ಗೀಸರಿಗೆ 32 ಇದೆ. ಒಂದು ಸಲವೂ ಬಿದ್ದಿಲ್ಲ.

ನಿವೃತ್ತ ಜೆಇ:
ಹಾಕಿಸಬೇಡಿ. ಮೇಲಿನ ಮಹಾಶಯರೇ, ಒಂದು ಸಲವೂ ಬೀಳದಿರುವುದೇ ಅಲ್ಲಿರುವ ತೊಂದರೆ.

ಎಂಸಿಬಿ ಇರುವುದು ಗೀಸರನ್ನು ಕಾಯಲಿಕ್ಕಲ್ಲ, ಗೋಡೆಯೊಳಗಿನ ವೈರನ್ನು ಕಾಯಲಿಕ್ಕೆ. ಲೆಕ್ಕ ಹಾಕಿ. 2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಬರುವುದು 8.7 ಆಂಪಿಯರ್. ಅದಕ್ಕೆ 16 ಸಾಲದು ಎಂದು ಹೇಳುವವನಿಗೆ ಭಾಗಾಕಾರ ಬರುವುದಿಲ್ಲ. 32ರ ಎಂಸಿಬಿ 32 ಆಂಪಿಯರ್ ದಾಟಿದ ಕ್ಷಣವೇ ಬೀಳುತ್ತದೆ ಎಂದು ಯಾರೂ ತಿಳಿಯಬೇಡಿ. ಎಂಸಿಬಿಗಳ ಮಾನದಂಡವಾದ ಐಎಸ್ 60898ರ ಪ್ರಕಾರ 1.45 ಪಟ್ಟು, ಅಂದರೆ 46 ಆಂಪಿಯರ್ ಹರಿದಾಗಲೂ ಬೀಳಲು ಅದಕ್ಕೆ ಒಂದು ಗಂಟೆಯವರೆಗೆ ಕಾಲಾವಕಾಶವಿದೆ. ಆ ಒಂದು ಗಂಟೆಯಲ್ಲಿ ನಿಮ್ಮ ಹಳೆಯ ವೈರಿನ ಹೊದಿಕೆ ಪೈಪಿನೊಳಗೇ ಕರಗಿ ಅಂಟಿಕೊಂಡಿರುತ್ತದೆ.

ವೈರ್ ಎಷ್ಟು ಚದರ ಮಿಲಿಮೀಟರಿನದು? ಗೊತ್ತಾಗುವವರೆಗೆ ಯಾವ ಎಂಸಿಬಿಯನ್ನೂ ಮುಟ್ಟಬೇಡಿ.

ಕುವೆಂಪುನಗರದವಳು:
ಅಪ್ಪನನ್ನು ಕೇಳಿದೆ. "ತ್ರೀ ಟ್ವೆಂಟಿ" ಎಂದರು. ಮನೆ ಕಟ್ಟಿಸಿದಾಗಿನ ಲೆಕ್ಕದ ಪುಸ್ತಕ ತೆಗೆದು ತೋರಿಸಿದರು, ಅದರಲ್ಲೂ ಹಾಗೆಯೇ ಬರೆದಿದೆ. ಅದು ಚದರ ಮಿಲಿಮೀಟರಿನಲ್ಲಿ ಎಷ್ಟು?

ಹುಬ್ಬಳ್ಳಿ ವೈರ್‌ಮನ್:
ಲೆಕ್ಕದ ಪುಸ್ತಕ ಇಟ್ಟುಕೊಂಡಿರುವ ತಂದೆಯವರಿಗೆ ನನ್ನದೊಂದು ನಮಸ್ಕಾರ ತಿಳಿಸಿ. ಇಪ್ಪತ್ತೆರಡು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ, ಅಂಥ ಪುಸ್ತಕ ಸಿಕ್ಕಿದ್ದು ಎರಡೇ ಮನೆಗಳಲ್ಲಿ.

3/20 ಎಂದರೆ 20 ಗೇಜಿನ ಮೂರು ಎಳೆ. ಅಳೆದರೆ ಹತ್ತಿರ ಹತ್ತಿರ 2 ಚದರ ಮಿಲಿಮೀಟರ್. ಆಗೆಲ್ಲ ದೀಪಕ್ಕೆ 1/18, ಪವರ್ ಪ್ಲಗ್ಗಿಗೆ 3/20, ಮೇನ್ ಲೈನಿಗೆ 7/20 ಎಂದು ಎಳೆಯುತ್ತಿದ್ದರು. ಈಗ ನಾವು ಅದೇ ಪ್ಲಗ್ಗಿಗೆ 2.5 ಎಳೆಯುತ್ತೇವೆ, ಗೀಸರ್ ಮತ್ತು ಎಸಿಗೆ 4. ನಿಮ್ಮ ವೈರಿಗೆ 16 ಎಂಬುದೇ ಗರಿಷ್ಠ. 20 ಕೂಡ ಬೇಡ. 32ರ ಮಾತಂತೂ ಎತ್ತಲೇಬೇಡಿ.

ಅರೆಜ್ಞಾನಿ:
ಹಾಗಾದರೆ 16ರದ್ದು ಯಾಕೆ ಬೀಳುತ್ತಿದೆ, ಅದನ್ನು ಹೇಳಿ. ಬೇಡ ಎನ್ನುವುದು ಸುಲಭ.

ತೀರ್ಥಹಳ್ಳಿ ಮಳೆ:
ವೋಲ್ಟೇಜ್ ಕಡಿಮೆಯಾಗಿ ಆಂಪಿಯರ್ ಜಾಸ್ತಿ ಎಳೆಯುತ್ತಿರಬಹುದು. ನಮ್ಮ ತೋಟದ ಪಂಪಿನದು ಇದೇ ಕಥೆ. ಬೇಸಿಗೆಯಲ್ಲಿ ವೋಲ್ಟೇಜ್ 180ಕ್ಕೆ ಇಳಿಯಿತೆಂದರೆ ಪಂಪಿನ ಎಂಸಿಬಿ ಬೀಳುತ್ತದೆ.

ನಿವೃತ್ತ ಜೆಇ:
ಪಂಪಿಗೆ ಅದು ನಿಜ. ವೋಲ್ಟೇಜ್ ಕುಸಿದರೆ ಮೋಟಾರು ಅದೇ ಕೆಲಸ ಮಾಡಲು ಹೆಚ್ಚು ಕರೆಂಟ್ ಎಳೆಯುತ್ತದೆ. ಗೀಸರಿನದು ಬರೀ ಕಾಯಿಲ್. ವೋಲ್ಟೇಜ್ ಇಳಿದರೆ ಅದರ ಕರೆಂಟೂ ಇಳಿಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ, ಅಷ್ಟೇ.

ತೀರ್ಥಹಳ್ಳಿ ಮಳೆ:
ಒಪ್ಪಿದೆ ಸರ್. ಪಂಪಿನ ತಲೆಬಿಸಿಯಲ್ಲಿ ಗೀಸರನ್ನೂ ಮೋಟಾರು ಮಾಡಿಬಿಟ್ಟೆ. ನಮ್ಮಲ್ಲಿ ಗೀಸರ್ ಇಲ್ಲ, ಹಂಡೆ ಇದೆ. ಹಂಡೆಗೆ ಎಂಸಿಬಿ ಬೇಕಿಲ್ಲ, ಅಡಕೆ ಸಿಪ್ಪೆ ಸಾಕು.

ಬಿಸಿನೀರು ಪ್ರಿಯ:
ಹಂಡೆ ನೀರಿನ ಸ್ನಾನದ ಸುಖವೇ ಬೇರೆ. ಹೊಗೆಯ ವಾಸನೆ ಬೆರೆತ ಆ ನೀರು!

ಹುಬ್ಬಳ್ಳಿ ವೈರ್‌ಮನ್:
ಸ್ನಾನ ಆಮೇಲೆ ಮಾಡೋಣ. ಅಕ್ಕ, ಎರಡು ಪ್ರಶ್ನೆ. ಆ ಎಂಸಿಬಿಯಲ್ಲಿ ಗೀಸರ್ ಬಿಟ್ಟು ಬೇರೇನಿದೆ? ಬಿದ್ದ ತಕ್ಷಣ ಮತ್ತೆ ಎತ್ತಿದರೆ ನಿಲ್ಲುತ್ತದೆಯೇ?

ಕುವೆಂಪುನಗರದವಳು:
ಅದೇ ಎಂಸಿಬಿಯಲ್ಲಿ ಅಡುಗೆಮನೆಯ ಪವರ್ ಪ್ಲಗ್ ಕೂಡ ಇದೆ. ಕೆಲವೊಮ್ಮೆ ಅಮ್ಮ ಅಲ್ಲಿ ಇಂಡಕ್ಷನ್ ಒಲೆ ಹಾಕುತ್ತಾರೆ, ಹಾಲು ಕಾಯಿಸಲು. ಬಿದ್ದ ಕೂಡಲೇ ಎತ್ತಿದರೆ ನಿಲ್ಲುವುದಿಲ್ಲ. ಐದು ನಿಮಿಷ ಬಿಟ್ಟು ಎತ್ತಿದರೆ ನಿಲ್ಲುತ್ತದೆ.

ಅರೆಜ್ಞಾನಿ:
ಸಿಕ್ಕಿತಲ್ಲ ಉತ್ತರ! ಗೀಸರ್ 8.7, ಇಂಡಕ್ಷನ್ 2000 ವ್ಯಾಟ್ ಎಂದರೆ ಇನ್ನೊಂದು 8.7. ಕೂಡಿದರೆ 17.4. 16 ದಾಟಿತು, ಬಿತ್ತು. ಭಾಗಾಕಾರ ನನಗೂ ಬರುತ್ತದೆ ಸ್ವಾಮಿ.

ನಿವೃತ್ತ ಜೆಇ:
ಭಾಗಾಕಾರ ಸರಿ, ತೀರ್ಪು ತಪ್ಪು. ಅದೇ ಮಾನದಂಡದಲ್ಲಿ ಇನ್ನೊಂದು ಸಾಲು ಇದೆ. 1.13 ಪಟ್ಟಿನವರೆಗೆ ಎಂಸಿಬಿ ಒಂದು ಗಂಟೆ ಬೀಳದೆ ನಿಲ್ಲಬೇಕು. 16ಕ್ಕೆ ಅದು 18 ಆಂಪಿಯರ್. 17.4 ಅದರೊಳಗೇ ಇದೆ. ಇಪ್ಪತ್ತು ನಿಮಿಷಕ್ಕೆ ಬೀಳಲು ಕಾರಣವಿಲ್ಲ.

ಪ್ರಶ್ನೆಪತ್ರಿಕೆ:
ಸರ್, ಆ ಲೆಕ್ಕ 30 ಡಿಗ್ರಿ ಉಷ್ಣತೆಗೆ ಅಲ್ಲವೇ? ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೇನೆ, ಮೊನ್ನೆಯಷ್ಟೇ ಓದಿದ್ದು. ಒಳಗಿರುವ ಬೈಮೆಟಲ್ ಪಟ್ಟಿ ಬಿಸಿಗೆ ಬಾಗಿ ಕೊಂಡಿಯನ್ನು ಬಿಡಿಸುತ್ತದೆ. ಆ ಬಿಸಿ ಕರೆಂಟಿನಿಂದ ಬಂದದ್ದೋ ಹೊರಗಿನಿಂದ ಬಂದದ್ದೋ ಎಂಬುದು ಪಟ್ಟಿಗೆ ಗೊತ್ತಾಗುವುದಿಲ್ಲ. ಡಬ್ಬಿಯೊಳಗೆ ಶೆಕೆ ಇದ್ದರೆ ಮೊದಲೇ ಬೀಳಬಹುದು.

ನಿವೃತ್ತ ಜೆಇ:
ಭೇಷ್. ನಾನು ಆ ಸಾಲನ್ನು ನುಂಗಿಬಿಟ್ಟಿದ್ದೆ.

ಹುಬ್ಬಳ್ಳಿ ವೈರ್‌ಮನ್:
ಹುಡುಗ ಸರಿಯಾದ ಜಾಗಕ್ಕೆ ಕೈ ಹಾಕಿದ್ದಾನೆ. ಶಾರ್ಟ್ ಆಗಿದ್ದರೆ ಹಾಕಿದ ಕ್ಷಣದಲ್ಲೇ ಬೀಳುತ್ತಿತ್ತು. ಅದು ಎಂಸಿಬಿಯೊಳಗಿನ ಕಾಯಿಲಿನ ಕೆಲಸ, ಬೈಮೆಟಲಿನದಲ್ಲ. ಇಪ್ಪತ್ತು ನಿಮಿಷ ತಡೆದು ಬೀಳುವುದು, ಆರುವವರೆಗೆ ಮತ್ತೆ ನಿಲ್ಲದಿರುವುದು, ಎರಡೂ ಬಿಸಿಯ ಗುಣ. ಅಕ್ಕ, ನಾಳೆ ಬೆಳಿಗ್ಗೆ ಇಂಡಕ್ಷನ್ ಒಲೆ ಹಾಕದೆ ಗೀಸರ್ ಒಂದನ್ನೇ ಹಾಕಿ. ಹತ್ತು ನಿಮಿಷವಾದ ಮೇಲೆ ಒಣಗಿದ ಬೆರಳಿನ ಹಿಂಭಾಗವನ್ನು ಎಂಸಿಬಿಯ ಪ್ಲಾಸ್ಟಿಕ್ ಮುಖಕ್ಕೆ ತಾಗಿಸಿ ನೋಡಿ. ಡಬ್ಬಿಯ ಮುಚ್ಚಳ ಬಿಚ್ಚಬೇಡಿ, ಮುಂದಿನ ಮುಖವನ್ನು ಮಾತ್ರ ಮುಟ್ಟಿ. ಅಕ್ಕಪಕ್ಕದವುಗಳಿಗಿಂತ ಇದೊಂದೇ ಬಿಸಿಯಾಗಿದೆಯೇ ಹೇಳಿ.

ಎಡಿಸನ್‌ವಾಸಿ:
ಅಮೆರಿಕದಿಂದ ಬರೆಯುತ್ತಿದ್ದೇನೆ. ಇಲ್ಲಿ ಇಂಥ ಚರ್ಚೆಯೇ ಹುಟ್ಟುವುದಿಲ್ಲ. 14 ಗೇಜ್ ತಾಮ್ರದ ವೈರಿಗೆ 15 ಆಂಪಿಯರ್, 12 ಗೇಜಿಗೆ 20 ಆಂಪಿಯರ್, ಮುಗಿಯಿತು. ಪ್ಯಾನೆಲ್ ಯಾವ ಕಂಪನಿಯದೋ ಅದಕ್ಕೆ ಹೊಂದುತ್ತದೆ ಎಂದು ಪಟ್ಟಿ ಮಾಡಿದ ಬ್ರೇಕರನ್ನೇ ಹಾಕಬೇಕು.

ಬಿಸಿನೀರು ಪ್ರಿಯ:
ಅಲ್ಲಿ 120 ವೋಲ್ಟ್. ಚಹಾಕ್ಕೆ ನೀರು ಕಾಯುವಷ್ಟರಲ್ಲಿ ಇಲ್ಲಿ ನಾವು ಕುಡಿದು ಲೋಟ ತೊಳೆದಿಟ್ಟಿರುತ್ತೇವೆ.

ಎಡಿಸನ್‌ವಾಸಿ:
ಅದಕ್ಕೆ ಉತ್ತರವಿಲ್ಲ. ಊರಿನಿಂದ ತಂದ ಮಿಕ್ಸಿ ಹತ್ತು ವರ್ಷಗಳಿಂದ ಅಟ್ಟದ ಮೇಲಿದೆ.

ಕುವೆಂಪುನಗರದವಳು:
ಇವತ್ತು ಬೆಳಿಗ್ಗೆ ಗೀಸರ್ ಒಂದನ್ನೇ ಹಾಕಿದೆ. ಹದಿನೆಂಟು ನಿಮಿಷಕ್ಕೆ ಬಿತ್ತು. ಅದೊಂದೇ ಎಂಸಿಬಿ ಇಸ್ತ್ರಿ ಮಾಡಿ ಆಗಷ್ಟೇ ಎತ್ತಿಟ್ಟ ಬಟ್ಟೆಯ ಹಾಗೆ ಬಿಸಿಯಾಗಿತ್ತು, ಉಳಿದವೆಲ್ಲ ತಣ್ಣಗಿದ್ದವು. ಹತ್ತಿರ ಹೋದರೆ ಸುಟ್ಟ ಮೀನಿನಂಥ ವಾಸನೆ. ನಮ್ಮದು ಸಸ್ಯಾಹಾರಿ ಮನೆ, ವಾಸನೆ ಪಕ್ಕದ ಮನೆಯದು ಎಂದು ಅಮ್ಮ ಮೂರು ವಾರಗಳಿಂದ ಕಿಟಕಿ ಮುಚ್ಚುತ್ತಿದ್ದರು.

ಹುಬ್ಬಳ್ಳಿ ವೈರ್‌ಮನ್:
ಗೀಸರ್ ಇವತ್ತಿನಿಂದ ಬಂದ್. ಆ ಎಂಸಿಬಿಯನ್ನು ಕೆಳಗೆ ಮಾಡಿ, ಹಾಗೆಯೇ ಬಿಡಿ. ಎಂಸಿಬಿಯ ಸ್ಕ್ರೂ ಸಡಿಲವಾಗಿದೆ ಎಂದು ನನ್ನ ಲೆಕ್ಕ. ಸಡಿಲವಾದ ಕಡೆ ವೈರಿನ ತುದಿ ಬಿಸಿಯಾಗುತ್ತದೆ, ಆ ಬಿಸಿ ಎಂಸಿಬಿಯೊಳಗೆ ಹರಿದು ಬೈಮೆಟಲನ್ನು ಬಾಗಿಸುತ್ತದೆ. ಎಂಟು ಆಂಪಿಯರಿಗೇ ಬೀಳುವುದು ಅದಕ್ಕೆ. ಪಾಪದ ಎಂಸಿಬಿ ಮೂರು ವಾರಗಳಿಂದ ಕೂಗಿ ಹೇಳುತ್ತಿದೆ. 32 ಹಾಕಿದ್ದರೆ ಬಾಯಿ ಮುಚ್ಚಿಸಿದಂತಾಗುತ್ತಿತ್ತು.

ಅರೆಜ್ಞಾನಿ:
ಸರಿ, ಸೋತೆ. ಹಾಗಾದರೆ ಒಂದು ಸ್ಕ್ರೂ ಬಿಗಿ ಮಾಡಲು ಎಲೆಕ್ಟ್ರಿಶಿಯನ್ ಯಾಕೆ? ಮೇನ್ ಆಫ್ ಮಾಡಿ ನೀವೇ ಬಿಗಿ ಮಾಡಿಕೊಳ್ಳಿ ಮೇಡಂ.

ನಿವೃತ್ತ ಜೆಇ:
ಮತ್ತೆ ಶುರುವಾಯಿತು. ಡಿಬಿಯ ಮೇನ್ ಆಫ್ ಮಾಡಿದರೂ ಮೀಟರಿನಿಂದ ಬರುವ ವೈರು ಆ ಮೇನ್ ಸ್ವಿಚ್ಚಿನ ತಲೆಯವರೆಗೆ ಜೀವಂತವಾಗಿಯೇ ಇರುತ್ತದೆ. ಮುಚ್ಚಳ ತೆಗೆದರೆ ಅದು ಕೈಗೆ ನಾಲ್ಕು ಬೆರಳ ದೂರ. ನನ್ನ ಸೇವಾವಧಿಯಲ್ಲಿ "ಮೇನ್ ಆಫ್ ಮಾಡಿದ್ದೆ ಸಾರ್" ಎಂಬ ಮಾತನ್ನು ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ಕೇಳಿದ್ದೇನೆ. ಲೈಸೆನ್ಸ್ ಇರುವವರನ್ನು ಕರೆಸಿ.

ಹುಬ್ಬಳ್ಳಿ ವೈರ್‌ಮನ್:
ಇನ್ನೊಂದು ಮಾತು. ಸುಟ್ಟ ತುದಿಯನ್ನು ಹಾಗೆಯೇ ಬಿಗಿ ಮಾಡಿದರೆ ಪ್ರಯೋಜನವಿಲ್ಲ. ಕಪ್ಪಾದ ತಾಮ್ರ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು. ಇಷ್ಟು ದಿನ ಬೆಂದ ಎಂಸಿಬಿಯನ್ನು ಬಿಸಾಡಿ ಹೊಸದನ್ನೇ ಹಾಕಬೇಕು. ಇನ್ನೂರು ಮುನ್ನೂರು ರೂಪಾಯಿಯ ವಸ್ತು, ಜಿಪುಣತನ ಬೇಡ.

ಕಂಪನಿ ಕೇಳಿದ್ದಿರಿ. ಹೆಸರುವಾಸಿಯಾದ ಯಾವುದಾದರೂ ಆದೀತು, ನಿಮ್ಮ ಡಬ್ಬಿಯಲ್ಲಿ ಉಳಿದವು ಯಾವುದೋ ಅದನ್ನೇ ತಂದರೆ ಉತ್ತಮ. ಕೂರಿಸುವ ಹಳಿ ಎಲ್ಲದಕ್ಕೂ ಒಂದೇ 35 ಮಿಲಿಮೀಟರಿನದು, ಆದರೆ ಎಂಸಿಬಿಗಳಿಗೆ ಕರೆಂಟ್ ಹಂಚಲು ಸಾಲಾಗಿ ಜೋಡಿಸುವ ತಾಮ್ರದ ಬಾಚಣಿಗೆ ಒಂದು ಕಂಪನಿಗೂ ಇನ್ನೊಂದಕ್ಕೂ ಕೂದಲೆಳೆ ಎತ್ತರ ವ್ಯತ್ಯಾಸವಾಗುವುದುಂಟು. ಒತ್ತಿ ತುರುಕಿದರೆ ಮತ್ತೆ ಸಡಿಲ, ಮತ್ತೆ ಮೀನಿನ ವಾಸನೆ. ಮುಖದ ಮೇಲೆ ಸಿ 16 ಎಂದಿರಬೇಕು, ಚೌಕದೊಳಗೆ 10000 (ಶಾರ್ಟ್ ಆದಾಗ ಅದು ಕಡಿಯಬಲ್ಲ ಆಂಪಿಯರ್) ಎಂದಿರಬೇಕು, ಐಎಸ್‌ಐ ಗುರುತು ಇರಬೇಕು.

ಪ್ರಶ್ನೆಪತ್ರಿಕೆ:
ಗೀಸರಿಗೆ ಬಿ ಮಾದರಿ ಸಾಕಲ್ಲವೇ ಅಣ್ಣ? ಬಿ ಮೂರರಿಂದ ಐದು ಪಟ್ಟಿಗೆ ತಕ್ಷಣ ಬೀಳುತ್ತದೆ, ಸಿ ಐದರಿಂದ ಹತ್ತು ಪಟ್ಟಿಗೆ. ಕಾಯಿಲಿಗೆ ಮೋಟಾರಿನ ಹಾಗೆ ಶುರುವಿನ ಎಳೆತ ಇಲ್ಲ.

ಹುಬ್ಬಳ್ಳಿ ವೈರ್‌ಮನ್:
ಸಾಕು. ಆದರೆ ಅದೇ ಸಾಲಿನಲ್ಲಿ ಅಡುಗೆಮನೆಯ ಪ್ಲಗ್ ಇದೆ. ನಾಳೆ ಅಲ್ಲಿ ಮಿಕ್ಸಿ, ಗ್ರೈಂಡರ್ ಬಂದೇ ಬರುತ್ತವೆ. ಆಮೇಲೆ ಅಂಗಡಿಯಲ್ಲಿ ಬಿ ಕೇಳಿ ನೋಡು, ಸಿ ಕೊಟ್ಟು "ಎರಡೂ ಒಂದೇ" ಎಂದು ಹೇಳಿ ಕಳಿಸುತ್ತಾರೆ.

ಉಪ್ಪುಗಾಳಿ:
ಎಂಸಿಬಿ ಕಥೆ ಇರಲಿ. ಮೇಡಂ, ನಿಮ್ಮ ಡಬ್ಬಿಯಲ್ಲಿ ಕರೆಂಟ್ ಸೋರಿದರೆ ಬೀಳುವ ಆರ್‌ಸಿಸಿಬಿ ಇದೆಯೇ? ಟಿ ಎಂದು ಬರೆದ ಸಣ್ಣ ಗುಂಡಿ ಇರುವ, ಎರಡು ಎಂಸಿಬಿಯಷ್ಟು ಅಗಲದ್ದು. ಸ್ನಾನದ ಮನೆಯ ವಿಷಯವಾದ್ದರಿಂದ ಕೇಳುತ್ತಿದ್ದೇನೆ. ಗೀಸರಿನ ಕಾಯಿಲ್ ಸೋರಿ ನೀರಿಗೆ ಕರೆಂಟ್ ಬಂದರೆ ಎಂಸಿಬಿ ಸುಮ್ಮನೆ ನೋಡುತ್ತಾ ಕೂತಿರುತ್ತದೆ.

ಅರೆಜ್ಞಾನಿ:
ಅರ್ಥಿಂಗ್ ಇದ್ದರೆ ಎಂಸಿಬಿ ಬೀಳುತ್ತದೆ. ಇದಾದರೂ ನನಗೆ ಗೊತ್ತು.

ಉಪ್ಪುಗಾಳಿ:
ಕರಾವಳಿಯ ಮುರಕಲ್ಲು ಮಣ್ಣಿನಲ್ಲಿ ಅರ್ಥಿಂಗಿನ ರೋಧವನ್ನು ಒಮ್ಮೆ ಅಳೆಸಿ ನೋಡಿ. ಇದ್ದಿಲು, ಉಪ್ಪು ಹಾಕಿ ಗುಂಡಿ ತೆಗೆದಿದ್ದರೂ ನಮ್ಮ ಮನೆಯದು ಏಪ್ರಿಲ್ ತಿಂಗಳಲ್ಲಿ 20 ಓಮ್ ತೋರಿಸಿತು. 230ನ್ನು 20ರಿಂದ ಭಾಗಿಸಿ. ಹರಿಯುವುದು ಹನ್ನೊಂದೂವರೆ ಆಂಪಿಯರ್. ನಿಮ್ಮ 16ರ ಎಂಸಿಬಿಗೆ ಅದು ಗೀಸರ್ ಓಡಿದಂತೆ ಕಾಣುತ್ತದೆ, ಬೀಳುವುದೇ ಇಲ್ಲ. ಗೀಸರಿನ ಮೈಯೆಲ್ಲ ಕರೆಂಟ್. ಆರ್‌ಸಿಸಿಬಿ ಆದರೆ ಹೋದ ಕರೆಂಟಿಗೂ ತಿರುಗಿ ಬಂದ ಕರೆಂಟಿಗೂ ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಕಡಿದು ಹಾಕುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಿ, ಅದೂ ಅಗತ್ಯ.

ನಿವೃತ್ತ ಜೆಇ:
ಇಡೀ ಚರ್ಚೆಯಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಒಂದನ್ನು ಸೇರಿಸುತ್ತೇನೆ. ಆರ್‌ಸಿಸಿಬಿ ಇದ್ದ ಮಾತ್ರಕ್ಕೆ ಎಂಸಿಬಿ ಬೇಡವೆಂದಲ್ಲ. ಅದಕ್ಕೆ ಓವರ್‌ಲೋಡ್ ಗೊತ್ತಾಗುವುದಿಲ್ಲ. ಮನುಷ್ಯರ ರಕ್ಷಣೆಗೆ 30 ಮಿಲಿಆಂಪಿಯರಿನದೇ ಬೇಕು. 100, 300ರವು ಸಿಗುತ್ತವೆ, ಅವನ್ನು ನಂಬಿ ಸ್ನಾನಕ್ಕೆ ಇಳಿಯಬೇಡಿ.

ಕುವೆಂಪುನಗರದವಳು:
ಅಂಥದ್ದೊಂದು ಇದೆ. 30 ಎಂದು ಬರೆದಿದೆ. ಗುಂಡಿ ಒತ್ತಿದೆ. ಏನೂ ಆಗಲಿಲ್ಲ.

ಉಪ್ಪುಗಾಳಿ:
ಏನೂ ಆಗಲಿಲ್ಲವೇ? ಮನೆಯ ಕರೆಂಟ್ ಹೋಗಬೇಕಿತ್ತು.

ಹುಬ್ಬಳ್ಳಿ ವೈರ್‌ಮನ್:
ಅಕ್ಕ, ಇತ್ತೀಚೆಗೆ ಮನೆಗೆ ಯುಪಿಎಸ್ ಹಾಕಿಸಿದ್ದೀರಾ?

ಕುವೆಂಪುನಗರದವಳು:
ಹೋದ ವರ್ಷ ಹಾಕಿಸಿದೆವು. ನಿಮಗೆ ಹೇಗೆ ಗೊತ್ತಾಯಿತು?

ಹುಬ್ಬಳ್ಳಿ ವೈರ್‌ಮನ್:
ಹತ್ತು ಮನೆಯಲ್ಲಿ ಏಳು ಮನೆಯ ಕಥೆ. ಯುಪಿಎಸ್ ಕೂರಿಸುವಾಗ ಅದರ ನ್ಯೂಟ್ರಲನ್ನು ಮನೆಯ ನ್ಯೂಟ್ರಲಿಗೆ ಕಲಸಿಬಿಡುತ್ತಾರೆ. ಆರ್‌ಸಿಸಿಬಿಯ ಒಳಗಿನಿಂದ ಹೋದ ಕರೆಂಟ್ ಬೇರೆ ದಾರಿಯಲ್ಲಿ ತಿರುಗಿ ಬರುತ್ತದೆ, ಅದು ಸೋರಿಕೆ ಎಂದು ತಿಳಿದು ಬೀಳುತ್ತದೆ. ನ್ಯೂಟ್ರಲ್ ಬೇರ್ಪಡಿಸಲು ಅರ್ಧ ದಿನ ಬೇಕು. ಆರ್‌ಸಿಸಿಬಿಯನ್ನು ಬಿಟ್ಟು ಪಕ್ಕದಿಂದ ವೈರ್ ಎಳೆಯಲು ಐದು ನಿಮಿಷ. ಯಾವುದನ್ನು ಮಾಡಿರುತ್ತಾರೆ ಎಂದು ನೀವೇ ಊಹಿಸಿ.

ತೀರ್ಥಹಳ್ಳಿ ಮಳೆ:
ನಮ್ಮಲ್ಲಿ ಮಳೆಗಾಲದಲ್ಲಿ ಆರ್‌ಸಿಸಿಬಿ ಬೀಳುತ್ತಿತ್ತು. ಗೇಟಿನ ದೀಪದೊಳಗೆ ನೀರು, ಜೊತೆಗೆ ಒಂದು ಇರುವೆ ಗೂಡು. ಆಳು ಹುಡುಗ ಸನ್ನೆಯನ್ನು ಮೇಲಕ್ಕೆ ಎತ್ತಿ ರಬ್ಬರ್ ಬ್ಯಾಂಡ್ ಸುತ್ತಿದ್ದ, ಬೀಳದಿರಲಿ ಎಂದು.

ನಿವೃತ್ತ ಜೆಇ:
ಸನ್ನೆಯನ್ನು ಕಟ್ಟಿದರೂ ಒಳಗೆ ಬಿಟ್ಟುಕೊಳ್ಳುವ ಹಾಗೆಯೇ ಅವುಗಳ ರಚನೆ ಇರುತ್ತದೆ. ರಬ್ಬರ್ ಬ್ಯಾಂಡ್ ದಂಡ. ಹಳೆಯ ಫ್ಯೂಸಿನ ಕಾಲದಲ್ಲಿ ದಪ್ಪ ತಂತಿ ಸುತ್ತಿ ಬೀಗುತ್ತಿದ್ದವರ ಮಕ್ಕಳೇ ಈಗ 32 ಹಾಕಿಸುತ್ತಿರುವುದು.

ಅರೆಜ್ಞಾನಿ:
ಇದು ನನಗೇ ಹೇಳಿದ್ದು ಎಂದು ಗೊತ್ತಾಯಿತು. ನಮ್ಮ ಗೀಸರಿನ ವೈರ್ 2.5 ಎಂದು ಬಿಲ್ಲಿನಲ್ಲಿದೆ. ನಾಳೆ 16 ತರುತ್ತೇನೆ. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೇಗೂ ಹೋಗುವುದಿದೆ.

ಬಿಸಿನೀರು ಪ್ರಿಯ:
ಅಲ್ಲಿ ಪಾರ್ಕಿಂಗ್ ಸಿಕ್ಕರೆ ಎಂಸಿಬಿಗಿಂತ ದೊಡ್ಡ ಸುದ್ದಿ, ತಿಳಿಸಿ.

ಪ್ರಶ್ನೆಪತ್ರಿಕೆ:
ಇನ್ನೊಂದು ಸಂದೇಹ. ಬೀದಿಯ ಲೈನಿನಲ್ಲಿ ನ್ಯೂಟ್ರಲ್ ಕಡಿದು ಮನೆಗೆ 400 ವೋಲ್ಟಿನವರೆಗೆ ಬಂದರೆ ಇವೆರಡರಲ್ಲಿ ಯಾವುದು ಕಾಯುತ್ತದೆ?

ನಿವೃತ್ತ ಜೆಇ:
ಎರಡೂ ಕಾಯುವುದಿಲ್ಲ. ಟಿವಿ, ಫ್ರಿಜ್ ಸುಟ್ಟು ಶಾರ್ಟ್ ಆದ ಮೇಲೆ ಎಂಸಿಬಿ ಬೀಳುತ್ತದೆ. ಅದಕ್ಕೆ ಬೇರೆಯದೇ ಓವರ್ ವೋಲ್ಟೇಜ್ ಸಾಧನ ಹಾಕಿಸಬೇಕು. ಬೇರೆ ಚರ್ಚೆ ಶುರು ಮಾಡು, ಬರುತ್ತೇನೆ. ಅದರಲ್ಲಿ ನನಗೆ ಸ್ವಂತ ಫ್ರಿಜ್ಜಿನ ಅನುಭವವಿದೆ.

ಕುವೆಂಪುನಗರದವಳು:
ನಾಲ್ಕು ದಿನ ತಡವಾಯಿತು, ಕ್ಷಮಿಸಿ. ಲೈಸೆನ್ಸ್ ಇರುವ ಬೇರೆ ಎಲೆಕ್ಟ್ರಿಶಿಯನ್ ಸಿಗುವವರೆಗೆ ಅಪ್ಪನಿಗೆ ಗ್ಯಾಸ್ ಒಲೆಯ ಮೇಲೆ ನೀರು ಕಾಯಿಸಿ ಕೊಟ್ಟೆವು.

ಅವರು ಮುಚ್ಚಳ ತೆಗೆದಾಗ ನಾನು ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತಿದ್ದೆ. ಗೀಸರ್ ಎಂಸಿಬಿಯ ಕೆಳಗಿನ ತುದಿಯಲ್ಲಿ ಕೆಂಪು ವೈರ್ ಒಂದು ಅಂಗುಲದಷ್ಟು ಕಪ್ಪಾಗಿ, ಹೊದಿಕೆ ಹುರಿದ ಹಪ್ಪಳದ ಅಂಚಿನ ಹಾಗೆ ಗುಳ್ಳೆ ಎದ್ದಿತ್ತು. ಸ್ಕ್ರೂ ತಿರುಗಿಸುವುದೇ ಬೇಕಾಗಲಿಲ್ಲ, ವೈರ್ ಎಳೆದರೆ ಕೈಗೆ ಬಂತು. ಮೂರು ಎಳೆಗಳಲ್ಲಿ ಎರಡು ಮಾತ್ರ ಸ್ಕ್ರೂವಿನ ಒಳಗಿದ್ದವು, ಮೂರನೆಯದು ಹೊರಗೆ ಮಡಚಿಕೊಂಡಿತ್ತು. ಹತ್ತು ವರ್ಷದ ಹಿಂದೆ ಸೇರಿಸಿದವರು ಹಾಗೆಯೇ ಬಿಟ್ಟಿದ್ದರು. ಕಪ್ಪು ಭಾಗ ಕತ್ತರಿಸಿ, ಮೂರೂ ಎಳೆ ಸೇರಿಸಿ, ಅದೇ ಕಂಪನಿಯ ಹೊಸ ಸಿ 16 ಹಾಕಿದರು. ಡಬ್ಬಿಯ ಉಳಿದ ಸ್ಕ್ರೂಗಳನ್ನೂ ನೋಡಿದರು, ನ್ಯೂಟ್ರಲ್ ಪಟ್ಟಿಯಲ್ಲಿ ಇನ್ನೆರಡು ಸಡಿಲ. ಅಡುಗೆಮನೆ ಪ್ಲಗ್ಗಿಗೆ ಬೇರೆ ವೈರ್ ಎಳೆದು ಬೇರೆ ಎಂಸಿಬಿ ಕೊಡಲು ಮುಂದಿನ ವಾರ ಬರುತ್ತಾರೆ.

ಆರ್‌ಸಿಸಿಬಿ ವಿಷಯ ಹುಬ್ಬಳ್ಳಿಯವರು ಹೇಳಿದ ಹಾಗೆಯೇ. ಅದಕ್ಕೆ ವೈರೇ ಸೇರಿಸಿರಲಿಲ್ಲ. ಒಂದು ವರ್ಷ ಅಲಂಕಾರಕ್ಕೆ ಕೂತಿತ್ತು. ಯುಪಿಎಸ್ ನ್ಯೂಟ್ರಲ್ ಬೇರ್ಪಡಿಸಲು ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರವರೆಗೆ ಹಿಡಿಯಿತು.

ಡಬ್ಬಿಯ ಮೇಲೆ ಅಪ್ಪ ಹಳೆಯ ಚೀಟಿಗಳ ಜಾಗದಲ್ಲಿ ಹೊಸ ಚೀಟಿ ಅಂಟಿಸಿದ್ದಾರೆ. ಗೀಸರ್, ದೇವರ ಮನೆ, ಹಜಾರ. ಒಂದರ ಮೇಲೆ ಮಾತ್ರ "ಚಿಕ್ಕಪ್ಪನ ಕೋಣೆ" ಎಂದೇ ಬರೆದಿದ್ದಾರೆ. ಚಿಕ್ಕಪ್ಪ ಬೇರೆ ಮನೆ ಮಾಡಿ ಇಪ್ಪತ್ತು ವರ್ಷವಾಯಿತು. ಅದೀಗ ನನ್ನ ಕೋಣೆ.

ಹುಬ್ಬಳ್ಳಿ ವೈರ್‌ಮನ್:
ಚೀಟಿ ಹಾಗೆಯೇ ಇರಲಿ ಅಕ್ಕ. ಟಿ ಗುಂಡಿ ಒತ್ತಿ ನೋಡಿದಿರಾ?

ಕುವೆಂಪುನಗರದವಳು:
ಒತ್ತಿದೆ. ಮನೆಯ ಕರೆಂಟ್ ಹೋಯಿತು. ಅಮ್ಮನ ಧಾರಾವಾಹಿ ಅರ್ಧಕ್ಕೆ ನಿಂತಿತು, ನನಗೆ ಬೈಗುಳ ಸಿಕ್ಕಿತು. ಇನ್ನು ತಿಂಗಳಿಗೊಮ್ಮೆ ಬೆಳಿಗ್ಗೆಯೇ ಒತ್ತುತ್ತೇನೆ.

ಅರೆಜ್ಞಾನಿ:
ಪಾರ್ಕಿಂಗ್ ಸಿಗಲಿಲ್ಲ. 16 ಸಿಕ್ಕಿತು.